ಫ್ಲ್ಯಾಟಿಗೆ ನಾಲ್ಕಡಿ ಮೀನಿನ ಟ್ಯಾಂಕು: ಅಂಗಡಿಯ ‘ಫುಲ್ ಸೆಟ್’ ಮಂಗಳೂರಿಗೆ ಎಷ್ಟು ಲಾಯ್ಕು?

4 ಅಡಿ ಉದ್ದ, ಒಂದೂವರೆ ಅಡಿ ಅಗಲ, 2 ಅಡಿ ಎತ್ತರದ 12 ಎಂಎಂ ಗಾಜಿನ ಟ್ಯಾಂಕು. ಅದರಡಿಗೆ ಲ್ಯಾಮಿನೇಟ್ ಹಾಕಿದ ಕ್ಯಾಬಿನೆಟ್ಟು. ಒಳಗೆ ಗಂಟೆಗೆ 2000 ಲೀಟರ್ ಎಂದು ಬರೆದ ಕ್ಯಾನಿಸ್ಟರ್ ಫಿಲ್ಟರು (ಟ್ಯಾಂಕಿನ ಹೊರಗಿದ್ದು ಪೈಪಿನಿಂದ ನೀರು ಓಡಿಸುವ ಮುಚ್ಚಿದ ಡಬ್ಬಿ), ಮೇಲೆ ಎಲ್‌ಇಡಿ ಲೈಟು, ಜೊತೆಗೆ ಮನೆಗೆ ತಂದು ಕೂರಿಸಿಕೊಡುವ ಕೆಲಸ. ಅಂಗಡಿಯವರು ‘ಫುಲ್ ಸೆಟ್’ ಎಂದು ಕೊಡುವುದು ಇಷ್ಟು. ಮಂಗಳೂರಿನ ಫ್ಲ್ಯಾಟ್‌ನಲ್ಲಿ ಇಡುವುದಕ್ಕೆ ಇದು ಆಗುತ್ತದೆಯೇ ಎಂದು ಕೇಳಿದರೆ ಉತ್ತರ ಹೀಗೆ: ಗಾಜು ಗಟ್ಟಿ, ಫಿಲ್ಟರು ಸಾಕು, ಕ್ಯಾಬಿನೆಟ್ಟು ನಮ್ಮ ಮಳೆಗಾಲಕ್ಕೆ ಆಗುವಂಥದ್ದಲ್ಲ. ಕರೆಂಟು ಹೋದಾಗ, ನೀರು ಸೋರಿದಾಗ ಬೇಕಾಗುವ ಸಣ್ಣ ಸಾಮಾನುಗಳು ಈ ‘ಫುಲ್’ನೊಳಗೆ ಇಲ್ಲ. ಅವನ್ನು ಬೇರೆಯಾಗಿ ಸೇರಿಸಿಕೊಂಡರೆ ಮಾತ್ರ ಸೆಟ್ಟು ಪೂರ್ತಿ.

ಎಲ್ಲರೂ ಮೊದಲು ಕೇಳುವುದು ಭಾರದ ವಿಷಯ. ಹೊರಗಿನ ಅಳತೆಯಿಂದ ಲೆಕ್ಕ ಹಾಕಿದರೆ 340 ಲೀಟರ್ ಬರುತ್ತದೆ. ಗಾಜಿನ ದಪ್ಪ ಕಳೆದು, ಮೇಲೆ ಎರಡಿಂಚು ಬಿಟ್ಟರೆ ಒಳಗೆ ಹಿಡಿಯುವ ನೀರು ಸುಮಾರು 285 ಲೀಟರ್. ಅದಕ್ಕೆ ಗಾಜಿನ 78 ಕಿಲೋ, ಹೊಯಿಗೆ ಮತ್ತು ಕಲ್ಲಿನ 40 ಕಿಲೋ, ಕ್ಯಾಬಿನೆಟ್ಟು, ನೀರು ತುಂಬಿದ ಫಿಲ್ಟರು ಸೇರಿಸಿ. ಒಟ್ಟು 470 ಕಿಲೋದ ಆಸುಪಾಸು ಆಗುತ್ತದೆ. ಈ ಭಾರ ಕೂರುವ ಜಾಗ ಅರ್ಧ ಚದರ ಮೀಟರಿಗಿಂತ ಸ್ವಲ್ಪ ಹೆಚ್ಚು. ವಾಸದ ಕೋಣೆಗಳ ನೆಲಕ್ಕೆ ಕಟ್ಟಡದ ಭಾರಗಳ ಭಾರತೀಯ ಮಾನದಂಡ ಐಎಸ್ 875 ಹೇಳುವ ಬಳಕೆಯ ಭಾರ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ. ಟ್ಯಾಂಕಿನಡಿಯ ಲೆಕ್ಕ 840 ಕಿಲೋ. ಈ ಎರಡು ಅಂಕಿ ಅಕ್ಕಪಕ್ಕ ಕಂಡ ಕೂಡಲೇ ಹೆದರಬೇಕಾಗಿಲ್ಲ. ಸ್ಲ್ಯಾಬು ಭಾರವನ್ನು ಸುತ್ತಲಿನ ನೆಲಕ್ಕೆ ಹಂಚುತ್ತದೆ, 12×15 ಅಡಿಯ ಹಾಲ್ ಒಟ್ಟಾರೆ ಹೊರಬೇಕೆಂದು ಲೆಕ್ಕ ಹಾಕಿರುವ ಭಾರವೇ 3 ಟನ್ನಿನ ಮೇಲಿರುತ್ತದೆ. ಆದರೆ ಆ ಭಾರ ಕೋಣೆಯ ನಡುವೆ ಕೂರುವುದಕ್ಕೂ ತೊಲೆಯ ಮೇಲೆ ಕೂರುವುದಕ್ಕೂ ತುಂಬ ವ್ಯತ್ಯಾಸ ಉಂಟು.

ಕಾಂಕ್ರೀಟಿನ ತೊಲೆ ಎಲ್ಲಿದೆ ಎಂದು ತಿಳಿಯುವುದು ಸುಲಭ. ಕಟ್ಟಡದ ಎಲ್ಲ ಮಹಡಿಗಳೂ ಒಂದೇ ನಕ್ಷೆಯವಾದರೆ ನಿಮ್ಮ ತಲೆಯ ಮೇಲೆ ಕಾಣುವ ತೊಲೆಯ ನೇರಕ್ಕೇ ನಿಮ್ಮ ಕಾಲಡಿಯಲ್ಲೂ ಒಂದು ಇರುತ್ತದೆ. ಮೊದಲನೇ ಮಹಡಿಯವರು ಪಾರ್ಕಿಂಗಿಗೆ ಇಳಿದು ತಲೆ ಎತ್ತಿ ನೋಡಿದರೆ ಸಾಕು. ಟ್ಯಾಂಕನ್ನು ಆ ತೊಲೆಯ ಉದ್ದಕ್ಕೆ, ಗೋಡೆಯ ಬದಿಗೆ, ಕಂಬದ ಹತ್ತಿರದ ಮೂಲೆಯಲ್ಲಿ ಇಡಿ. ಹೊರಗೆ ಚಾಚಿದ ಬಾಲ್ಕನಿ ಬೇಡ. ತಗ್ಗಿಸಿ ಮೇಲೆ ಮಣ್ಣು ತುಂಬಿದ ಬಾತ್‌ರೂಮಿನ ಸ್ಲ್ಯಾಬೂ ಬೇಡ. 5×2×2 ಅಡಿಗೆ ಹೋದರೆ ನೀರಿನ ಲೆಕ್ಕವೇ 560 ಲೀಟರ್ ದಾಟುತ್ತದೆ. ಆ ಗಾತ್ರಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರು ಬಂದು ನೋಡಿ ಹೇಳಲಿ, ಅವರು ಬರೆದುಕೊಟ್ಟದ್ದರ ಪ್ರತಿ ಅಸೋಸಿಯೇಷನ್ನಿಗೂ ಇರಲಿ.

ಈಗ ಗಾಜು. 12 ಎಂಎಂ ಈ ಎತ್ತರಕ್ಕೆ ಧಾರಾಳ. ನೋಡಬೇಕಾದದ್ದು ಅಂಟನ್ನು. ಟಾರ್ಚ್ ಹಿಡಿದು ಮೂಲೆಯ ಸಿಲಿಕಾನಿನ ಗೆರೆ ನೋಡಿ: ಅಲ್ಲಲ್ಲಿ ಒಂದು ಚುಕ್ಕೆ ಗುಳ್ಳೆ ಇದ್ದರೆ ತೊಂದರೆ ಇಲ್ಲ, ಗುಳ್ಳೆ ಗೆರೆಯ ಒಳಬದಿಯಿಂದ ಹೊರಬದಿಗೆ ದಾಟಿದ್ದರೆ ನೀರಿಗೆ ಅದೇ ದಾರಿ. ಅಂಟಿಸಿದ ಮೇಲೆ ಒಂದು ವಾರ ಒಣಗಲಿಕ್ಕೆ ಬಿಡಬೇಕು, ಮಳೆಗಾಲದಲ್ಲಿ ಆತುರ ಮಾಡಬಾರದು. ರಿಪೇರಿಗೆಂದು ಹಾರ್ಡ್‌ವೇರ್ ಅಂಗಡಿಯ ಬಾತ್‌ರೂಂ ಸಿಲಿಕಾನ್ ತರಬೇಡಿ, ಅದರಲ್ಲಿ ಬೂಷ್ಟು ಬರದಂತೆ ಹಾಕಿದ ಔಷಧಿ ಮೀನಿಗೆ ವಿಷ. ಅಂಗಡಿಯಲ್ಲೇ ಟ್ಯಾಂಕು ತುಂಬಿಸಿ, ಅಡಿಗೆ ಹಳೆ ಪೇಪರ್ ಹಾಕಿ ಮೂರು ದಿನ ಬಿಡಲು ಹೇಳಿ. ಒಂದು ಹನಿ ಜಿನುಗಿದರೂ ಪೇಪರಿನ ಮೇಲೆ ಅದರ ಗುರುತು ಉಳಿಯುತ್ತದೆ.

ಸೆಟ್ಟಿನ ಸೋತ ಭಾಗ ಕ್ಯಾಬಿನೆಟ್ಟು. ಹೊರಗಿಂದ ನೋಡಿದರೆ ಚಂದ, ಲ್ಯಾಮಿನೇಟು ಹೊಳೆಯುತ್ತದೆ. ಬಾಗಿಲು ತೆಗೆದು, ಹಿಂದಿನ ಹಲಗೆಯಲ್ಲಿ ಪೈಪಿಗೆಂದು ಕೊರೆದ ತೂತಿನ ಅಂಚನ್ನು ಬೆರಳಲ್ಲಿ ಸವರಿ ನೋಡಿ. ಮರದ ಪುಡಿ ಬೆರಳಿಗೆ ಹತ್ತಿದರೆ ಅದು ಪಾರ್ಟಿಕಲ್ ಬೋರ್ಡು. ಲ್ಯಾಮಿನೇಟು ಇರುವುದು ಮುಖಕ್ಕೆ ಮಾತ್ರ, ಕೊರೆದ ಅಂಚು ಬರಿ ಮೈ. ಫಿಲ್ಟರಿನ ಪೈಪಿನ ಮೈಮೇಲೆ ಇಳಿಯುವ ಹನಿ ನೇರ ಬಂದು ನಿಲ್ಲುವುದೂ ಅಲ್ಲಿಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಗೋಡೆಯೇ ಬೆವರುವ ಊರಿದು, ಹಲಗೆ ಒಣಗುವ ಮಾತೇ ಇಲ್ಲ. ಅಂಚು ಮೊದಲು ಉಬ್ಬುತ್ತದೆ, ಮೇಲಿನ ಲ್ಯಾಮಿನೇಟು ಏಳುತ್ತದೆ, ಆಮೇಲೆ ಸ್ಕ್ರೂ ಹಿಡಿತ ಬಿಡುತ್ತದೆ. ಅಷ್ಟರಲ್ಲಿ ಒಂದು ಮೂಲೆ ಎರಡು ಮೂರು ಎಂಎಂ ಕುಸಿದಿರುತ್ತದೆ. ಗಾಜು ಒಡೆಯುವುದು ನೀರಿನ ಭಾರಕ್ಕಿಂತ ಹೆಚ್ಚಾಗಿ ಹೀಗೆ ತಿರುಚಿಕೊಂಡ ಸ್ಟ್ಯಾಂಡಿನಿಂದ.

ಅದಕ್ಕೇ ರೇಟು ಮಾತಾಡುವಾಗ ಕ್ಯಾಬಿನೆಟ್ಟನ್ನು ಬಿಟ್ಟು ಹೇಳಲು ಹೇಳಿ. ಆ ದುಡ್ಡಿಗೆ ಬಡಗಿಯ ಹತ್ತಿರ ಐಎಸ್ 710 ಗುರುತಿನ 19 ಎಂಎಂ ಮರೈನ್ ಪ್ಲೈವುಡ್‌ನಲ್ಲಿ ಮಾಡಿಸಿ. ಎರಡು ಬದಿಗೆ ಎರಡು, ನಡುವೆ ಒಂದು, ಹೀಗೆ ಮೂರು ಹಲಗೆ ನೆಲದಿಂದ ಮೇಲಿನ ತನಕ ನೇರ ನಿಲ್ಲಬೇಕು. ಭಾರವೆಲ್ಲ ನಿಂತ ಹಲಗೆಯ ಮೇಲೆ ಇಳಿಯಬೇಕು, ಸ್ಕ್ರೂ ಹೊರಬಾರದು. ಕತ್ತರಿಸಿದ ಅಂಚಿಗೆಲ್ಲ ಎರಡು ಕೋಟು ಎಪಾಕ್ಸಿ ಬಳಿಸಿ. ಇಲ್ಲವೇ 40 ಎಂಎಂ ಚೌಕದ 2 ಎಂಎಂ ದಪ್ಪದ ಜಿಐ ಪೈಪಿನ ಸ್ಟ್ಯಾಂಡು ಮಾಡಿಸಿ, ಅದು ಇನ್ನೂ ಒಳ್ಳೆಯದು. ವೆಲ್ಡಿಂಗ್ ಮಾಡಿದ ಕಡೆ ಸತುವಿನ ಲೇಪ ಸುಟ್ಟು ಹೋಗಿರುತ್ತದೆ, ಕಡಲ ಗಾಳಿಗೆ ತುಕ್ಕು ಅಲ್ಲಿಂದಲೇ ಶುರು. ಆ ಗಂಟುಗಳಿಗೆ ಎಪಾಕ್ಸಿ ಪ್ರೈಮರ್ ತಪ್ಪಿಸಬೇಡಿ. ಮರದ್ದಾದರೂ ಕಬ್ಬಿಣದ್ದಾದರೂ ಗೋಡೆಯಿಂದ ಆರಿಂಚು ದೂರ ಇರಲಿ. ಗೋಡೆಗೆ ಅಂಟಿಸಿಟ್ಟರೆ ಹಿಂದೆ ಬೂಷ್ಟು ಹಿಡಿಯುತ್ತದೆ, ಪೈಪಿಗೆ ಕೈ ಹಾಕಲಿಕ್ಕೂ ಆಗುವುದಿಲ್ಲ.

ಕೂರಿಸುವಾಗ ರಸಮಟ್ಟ ಎರಡು ಸಲ ಇಡಬೇಕು, ಖಾಲಿ ಇದ್ದಾಗ ಒಮ್ಮೆ, ಕಾಲು ಭಾಗ ತುಂಬಿದಾಗ ಇನ್ನೊಮ್ಮೆ. ನೆಲದ ಟೈಲ್ಸು ಏರುಪೇರಿದ್ದರೆ ಸ್ಟ್ಯಾಂಡಿನ ಕಾಲಿನಡಿಗೆ ತೆಳು ಪ್ಲಾಸ್ಟಿಕ್ ಚಕ್ಕೆ ಕೊಡಿ, ಟ್ಯಾಂಕಿನಡಿಗೆ ರಟ್ಟು ತುರುಕಿಸಬೇಡಿ. ಟ್ಯಾಂಕಿನಡಿಗೆ ಬರಬೇಕಾದದ್ದು ಪೂರ್ತಿ ಅಳತೆಯ ಥರ್ಮಾಕೋಲ್ ಅಥವಾ ಫೋಮ್ ಶೀಟು ಮಾತ್ರ.

ಫಿಲ್ಟರಿನ ಮೇಲೆ ಬರೆದ 2000 ಲೀಟರ್ ಎನ್ನುವುದು ಒಳಗೆ ಏನೂ ತುಂಬದೆ, ನೀರು ಮೇಲೆ ಎತ್ತದೆ ಅಳೆದ ಲೆಕ್ಕ. ಸ್ಪಂಜು, ಸೆರಾಮಿಕ್ ರಿಂಗು ತುಂಬಿ ನಾಲ್ಕಡಿ ಮೇಲೆ ತಳ್ಳುವಾಗ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿಯುತ್ತದೆ. 285 ಲೀಟರಿಗೆ ಗಂಟೆಗೆ 1100–1200 ಲೀಟರ್, ಅಂದರೆ ನಾಲ್ಕು ಸುತ್ತು, ಇದು ಸಾಕು. ಜೊತೆಗೆ ಕೊಡುವ ಇದ್ದಿಲ ಚೀಲ ದಿನಾ ಬೇಕಾಗಿಲ್ಲ, ಔಷಧಿ ಹಾಕಿದ ಮೇಲೆ ನೀರಿನಿಂದ ಅದನ್ನು ತೆಗೆಯಲಿಕ್ಕೆ ಉಪಯೋಗ. ಆ ಟ್ರೇಯಲ್ಲಿ ಇನ್ನಷ್ಟು ಸೆರಾಮಿಕ್ ರಿಂಗ್ ತುಂಬಿ.

ಫ್ಲ್ಯಾಟಿನವರು ಈ ಫಿಲ್ಟರಿನ ಬಗ್ಗೆ ಯೋಚಿಸಬೇಕಾದ ವಿಷಯ ಬೇರೆಯೇ ಉಂಟು. ಕ್ಯಾನಿಸ್ಟರ್ ಇರುವುದು ಟ್ಯಾಂಕಿಗಿಂತ ಕೆಳಗೆ. ಕೆಳಗಿನ ಪೈಪು ಕಳಚಿದರೆ ಅಥವಾ ಮುಚ್ಚಳದ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಸೋರಿದರೆ, ನೀರು ಎಳೆಯುವ ಪೈಪಿನ ಬಾಯಿಯ ಮಟ್ಟಕ್ಕೆ ಇಳಿಯುವ ತನಕ ಟ್ಯಾಂಕು ತನ್ನಷ್ಟಕ್ಕೆ ಖಾಲಿಯಾಗುತ್ತದೆ. ಆ ಬಾಯಿ ಹೊಯಿಗೆಯಿಂದ ಎರಡು ಮೂರಿಂಚು ಮೇಲೆ ಇರುವುದರಿಂದ 200 ಲೀಟರಿಗೂ ಹೆಚ್ಚು ನೀರು ನೆಲಕ್ಕೆ, ಅಲ್ಲಿಂದ ಕೆಳಗಿನ ಮನೆಯ ಛಾವಣಿಗೆ. ಪರಿಹಾರಕ್ಕೆ ಒಂದು ಡ್ರಿಲ್ ಬಿಟ್ ಸಾಕು. ನೀರೆಳೆಯುವ ಪೈಪಿಗೆ, ನೀರಿನ ಮಟ್ಟಕ್ಕಿಂತ ಎರಡಿಂಚು ಕೆಳಗೆ, 4 ಎಂಎಂ ತೂತು ಕೊರೆಯಿರಿ. ಮಟ್ಟ ಅಲ್ಲಿಗೆ ಇಳಿದ ಕೂಡಲೇ ತೂತು ಗಾಳಿ ಎಳೆದುಕೊಳ್ಳುತ್ತದೆ, ನೀರು ತಾನಾಗಿ ಕೆಳಗೆ ಹರಿಯುವುದು (ಸೈಫನ್) ನಿಲ್ಲುತ್ತದೆ. ಈ ಟ್ಯಾಂಕಿನಲ್ಲಿ ಎರಡಿಂಚೆಂದರೆ ಸುಮಾರು 26 ಲೀಟರ್. ಎರಡು ಬಕೆಟ್ಟಿನೊಳಗೆ ಮುಗಿಯುವ ಸಂಗತಿ. ತೂತಿಗೆ ಪಾಚಿ ಕಟ್ಟದಂತೆ ವಾರಕ್ಕೊಮ್ಮೆ ಕಡ್ಡಿ ಆಡಿಸಿ. ಕ್ಯಾಬಿನೆಟ್ಟಿನ ನೆಲದಲ್ಲಿ ನೀರು ತಾಗಿದರೆ ಕೂಗುವ ಬ್ಯಾಟರಿಯ ಅಲಾರಾಂ ಒಂದು ಇಟ್ಟರೆ ರಾತ್ರಿ ನಿಶ್ಚಿಂತೆ. ಈ ಎರಡನ್ನೂ ಅಂಗಡಿಯವರೇ ಮಾಡಿ ಕೊಡಬೇಕಿತ್ತು, ಸೆಟ್ಟಿನ ದೊಡ್ಡ ಕೊರತೆ ಇದು.

ಓ-ರಿಂಗ್ ಸೋರುವುದು ಹೆಚ್ಚಾಗಿ ತೊಳೆದ ದಿನ. ಒಂದು ಹರಳು ಹೊಯಿಗೆ ಅದು ಕೂರುವ ಸಂದಿನಲ್ಲಿ ಉಳಿದರೂ ಸಾಕು. ಆರೆಂಟು ವಾರಕ್ಕೊಮ್ಮೆ ಫಿಲ್ಟರ್ ತೆರೆದಾಗ ರಿಂಗನ್ನು ಕಳಚಿ, ಸಂದನ್ನು ಹಳೆ ಟೂತ್‌ಬ್ರಷ್ಷಿನಲ್ಲಿ ಉಜ್ಜಿ, ಸಿಲಿಕಾನ್ ಗ್ರೀಸ್ ತೆಳ್ಳಗೆ ಸವರಿ ಕೂರಿಸಿ. ವ್ಯಾಸಲಿನ್ ಬೇಡ, ಕೆಲವು ಜಾತಿಯ ರಬ್ಬರು ಅದಕ್ಕೆ ಉಬ್ಬುತ್ತದೆ. ಸ್ಪಂಜು ಹಿಂಡುವುದು ಟ್ಯಾಂಕಿನಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ. ನಳ್ಳಿಯಡಿಗೆ ಹಿಡಿದರೆ, ಮೀನಿನ ಕಸದಿಂದ ಬರುವ ವಿಷವಾದ ಅಮೋನಿಯಾವನ್ನು ತಿನ್ನುವ ಸ್ಪಂಜಿನ ಬ್ಯಾಕ್ಟೀರಿಯಾ ಕ್ಲೋರಿನ್ನಿಗೆ ಸಾಯುತ್ತದೆ, ಮತ್ತೆ ಮೊದಲಿನಿಂದ ಶುರು.

ವಯರಿಂಗ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪ್ಲಗ್ಗಿಗೆ ಹೋಗುವ ವಯರು ಒಮ್ಮೆ ಕೆಳಗೆ ಇಳಿದು ಮತ್ತೆ ಮೇಲೇರಿ ಬೋರ್ಡು ಸೇರಬೇಕು, ಹನಿ ಆ ಬಾಗಿನಲ್ಲಿ ಬಿದ್ದುಹೋಗುತ್ತದೆ. 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು) ಇಲ್ಲದ ಲೈನಿಗೆ ಟ್ಯಾಂಕು ಕೊಡಬೇಡಿ. ಹಳೆ ಕಟ್ಟಡಗಳಲ್ಲಿ ಇದನ್ನು ನೋಡಿಕೊಳ್ಳಲೇಬೇಕು.

ಮಳೆಗಾಲದ ಗಾಳಿಗೆ ಮರ ಬಿದ್ದು ಮೆಸ್ಕಾಂ ಲೈನು ಹೋದರೆ ಎಷ್ಟು ಹೊತ್ತಿಗೆ ಬಂದೀತೆಂದು ಹೇಳಲಾಗುವುದಿಲ್ಲ. ಲಿಫ್ಟಿಗೆ ಇರುವ ಜನರೇಟರು ಎಲ್ಲ ಕಟ್ಟಡಗಳಲ್ಲೂ ಮನೆಯ ಪ್ಲಗ್ಗಿಗೆ ಬರುವುದಿಲ್ಲ. ಮನೆಯ ಇನ್ವರ್ಟರಿನ ಒಂದು ಪಾಯಿಂಟನ್ನು ಫಿಲ್ಟರಿಗೆ ಮೀಸಲಿಡಿ. 150 ಎಎಚ್ ಬ್ಯಾಟರಿಗೆ 50 ವಾಟ್ ಒಂದೇ ಲೋಡು ಇದ್ದರೆ ಇಡೀ ದಿನ ತಳ್ಳುತ್ತದೆ, ಫ್ಯಾನು ಲೈಟು ಸೇರಿದರೆ ಅದಕ್ಕೆ ತಕ್ಕಂತೆ ಕಡಿಮೆ. ಇನ್ವರ್ಟರು ಸೈನ್ ವೇವ್ ಆಗಿರಲಿ, ಇಲ್ಲವಾದರೆ ಮೋಟಾರು ಗುಂಯ್ ಎಂದು ಬಿಸಿಯಾಗುತ್ತದೆ. ಇನ್ವರ್ಟರ್ ಇಲ್ಲದವರು ಬ್ಯಾಟರಿಯ ಏರ್ ಪಂಪ್ ಇಟ್ಟುಕೊಳ್ಳಿ. ನಾಲ್ಕೈದು ಗಂಟೆ ನಿಂತ ಕ್ಯಾನಿಸ್ಟರನ್ನು ಕರೆಂಟು ಬಂದ ಕೂಡಲೇ ಹಾಗೆಯೇ ಓಡಿಸಬಾರದು. ಒಳಗೆ ಆಮ್ಲಜನಕ ಮುಗಿದು ನೀರು ಕೊಳೆತಿರುತ್ತದೆ, ಮೊಟ್ಟೆ ಕೆಟ್ಟ ವಾಸನೆ ಬಂದರೆ ಅದೇ ಗುರುತು. ಆ ನೀರನ್ನು ಚೆಲ್ಲಿ, ಟ್ಯಾಂಕಿನ ನೀರಿನಲ್ಲಿ ಒಮ್ಮೆ ಜಾಲಿಸಿ, ಆಮೇಲೆ ಸ್ವಿಚ್ ಹಾಕಿ.

ನೀರಿನ ವಿಷಯದಲ್ಲಿ ಕರಾವಳಿಯ ಫ್ಲ್ಯಾಟುಗಳಿಗೆ ಅವುಗಳದ್ದೇ ಆದ ಕಷ್ಟ ಇದೆ. ನಗರದ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನದು, ಉಡುಪಿಯಲ್ಲಾದರೆ ಸ್ವರ್ಣಾ ನದಿಯ ಬಜೆಯದ್ದು. ಎರಡಕ್ಕೂ ಕ್ಲೋರಿನ್ ಹಾಕಿರುತ್ತಾರೆ. ಹಲವು ಕಟ್ಟಡಗಳಲ್ಲಿ ಇದರ ಜೊತೆಗೆ ಬಾವಿಯ ನೀರೂ ಬೆರೆಯುತ್ತದೆ. ಬೇಸಗೆ ಮುಗಿಯುವ ಹೊತ್ತಿಗೆ ಟ್ಯಾಂಕರು. 2019ರಲ್ಲಿ, 2023ರಲ್ಲಿ ಮಂಗಳೂರಿನಲ್ಲಿ ಸರದಿ ಪ್ರಕಾರ ನೀರು ಬಿಟ್ಟದ್ದು ಊರಿಗೆಲ್ಲ ನೆನಪಿದೆ. ಹಾಗಾಗಿ ಒಂದೇ ನಳ್ಳಿಯಿಂದ ಜನವರಿಯಲ್ಲಿ ಬಂದ ನೀರೇ ಬೇರೆ, ಮೇ ತಿಂಗಳಲ್ಲಿ ಬಂದ ನೀರೇ ಬೇರೆ.

ಮುರಕಲ್ಲಿನ ಬಾವಿಯ ನೀರು ಮೆದು, ಹುಳಿಯ ಕಡೆಗೆ ವಾಲಿದ್ದು. ಪಿಎಚ್ 6ರ ಕೆಳಗೆ ಇಳಿದರೆ ಫಿಲ್ಟರಿನ ಬ್ಯಾಕ್ಟೀರಿಯಾ ಹೆಚ್ಚು ಕಡಿಮೆ ಕೆಲಸ ನಿಲ್ಲಿಸುತ್ತದೆ. ಅಮೋನಿಯಾ ಸೇರುತ್ತಾ ಹೋಗುತ್ತದೆ, ಆದರೆ ಹುಳಿ ನೀರಿನಲ್ಲಿ ಅದು ಅಮೋನಿಯಂ ರೂಪದಲ್ಲಿ ಇರುವುದರಿಂದ ಮೀನಿಗೆ ಅಷ್ಟು ತಾಗುವುದಿಲ್ಲ. ನೋಡಲಿಕ್ಕೆ ಎಲ್ಲ ಚೆನ್ನಾಗಿಯೇ ಇರುತ್ತದೆ. ಒಂದು ದಿನ ಪಿಎಚ್ 7.5ರ ಟ್ಯಾಂಕರ್ ನೀರಿನಿಂದ ಅರ್ಧ ಟ್ಯಾಂಕು ಬದಲಿಸಿದರೆ ಅದೇ ಅಮೋನಿಯಂ ಗಂಟೆಗಳೊಳಗೆ ವಿಷವಾಗುತ್ತದೆ, ಬೆಳಗ್ಗೆ ಮೀನುಗಳು ಮೇಲೆ ತೇಲುತ್ತವೆ. ‘ನೀರು ಬದಲಿಸಿದ್ದಕ್ಕೇ ಸತ್ತವು’ ಎಂದು ಜನ ಹೇಳುವುದರ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ.

ತಡೆಯುವ ಉಪಾಯ ಅಡಿಗೆಮನೆಯಲ್ಲೇ ಇದೆ. ಮರುವಾಯಿ ಸಾರು ಮಾಡಿದ ದಿನ ಚಿಪ್ಪುಗಳನ್ನು ಎಸೆಯದೆ, ಕುದಿಸಿ, ಮಾಂಸದ ಚೂರು ಉಳಿಯದಂತೆ ಉಜ್ಜಿ, ಬಿಸಿಲಿನಲ್ಲಿ ಒಣಗಿಸಿ. 200 ಗ್ರಾಂ ಚಿಪ್ಪನ್ನು ಜಜ್ಜಿ ಬಲೆಯ ಚೀಲದಲ್ಲಿ ಫಿಲ್ಟರಿನೊಳಗಿಟ್ಟರೆ ನೀರು ಹುಳಿಯಾದಾಗಲೆಲ್ಲ ಸ್ವಲ್ಪ ಸ್ವಲ್ಪ ಕರಗಿ ಪಿಎಚ್ ಹಿಡಿದು ನಿಲ್ಲಿಸುತ್ತದೆ. ವಾರ ಬಿಟ್ಟು ಕೆಎಚ್ (ಪಿಎಚ್ ಇಳಿಯದಂತೆ ತಡೆಯುವ ಕಾರ್ಬೊನೇಟಿನ ಅಳತೆ) ನೋಡಿ, 3–4 ಇದ್ದರೆ ಸರಿ. ಬೇಗ ಏರಿಸಬೇಕಾದರೆ ಅಡಿಗೆ ಸೋಡಾ: 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ಒಂದು ದಿನಕ್ಕೆ ಒಂದು ಡಿಗ್ರಿ ಸಾಕು, ಅದೂ ಅಮೋನಿಯಾ ಇಲ್ಲವೆಂದು ಟೆಸ್ಟ್ ಮಾಡಿ ನೋಡಿದ ಮೇಲೆ. ನೀರು ಪರೀಕ್ಷಿಸುವ ಎಪಿಐ ಕಿಟ್ಟಿನಲ್ಲಿ ನೈಟ್ರೇಟ್ (ಅಮೋನಿಯಾ ಕೊನೆಗೆ ಆಗುವ ರೂಪ) ನೋಡುವಾಗ ಎರಡನೇ ಬಾಟಲಿಯನ್ನು 30 ಸೆಕೆಂಡ್ ಜೋರಾಗಿ ಕುಲುಕಲೇಬೇಕು, ಇಲ್ಲವಾದರೆ ಎಷ್ಟೇ ನೈಟ್ರೇಟ್ ಇದ್ದರೂ ಕಡಿಮೆ ತೋರಿಸುತ್ತದೆ.

ಕ್ಲೋರಿನ್ನಿಗೆ ಹೈಪೋ (ಸೋಡಿಯಂ ಥಯೋಸಲ್ಫೇಟ್ ಹರಳು) ಸಾಕು. 100 ಗ್ರಾಂ ಹರಳನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿಟ್ಟು, 100 ಲೀಟರ್ ಹೊಸ ನೀರಿಗೆ 10 ಎಂಎಲ್ ಹಾಕಿ, ಲೀಟರಿಗೆ 1.4 ಮಿಲಿಗ್ರಾಂ ತನಕದ ಕ್ಲೋರಿನ್ನನ್ನು ಅದು ತೆಗೆಯುತ್ತದೆ. ಆದರೆ ಅಸೋಸಿಯೇಷನ್ನಿನವರು ಮೇಲಿನ ಟ್ಯಾಂಕಿಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತೊಳೆಸಿದ ವಾರ ಈ ಲೆಕ್ಕ ನಡೆಯುವುದಿಲ್ಲ. ಆ ದಿನಾಂಕ ಮೊದಲೇ ಕೇಳಿಟ್ಟುಕೊಂಡು, ಹಿಂದಿನ ದಿನ 100 ಲೀಟರಿನ ಡ್ರಮ್ ತುಂಬಿಸಿಡಿ. ವಾರಕ್ಕೆ ಬದಲಿಸಬೇಕಾದ 70–85 ಲೀಟರ್ ಅದರಲ್ಲೇ ಆಗುತ್ತದೆ.

ಇನ್ನೊಂದು ಅಪಾಯ ಕಿಟಕಿಯಿಂದ ಬರುತ್ತದೆ. ಮಳೆಗಾಲದಲ್ಲಿ ಸೊಳ್ಳೆಗೆ ಹೊಗೆ ಬಿಡುತ್ತಾರೆ, ಮಲೇರಿಯಾ ಡೆಂಗಿ ಇರುವ ಊರಿನಲ್ಲಿ ಅದು ಬೇಕಾದದ್ದೇ. ಆ ಹೊಗೆಯಲ್ಲಿ, ಮನೆಯೊಳಗೆ ಪ್ಲಗ್ಗಿಗೆ ಹಾಕುವ ಸೊಳ್ಳೆ ಲಿಕ್ವಿಡ್ಡಿನಲ್ಲಿ ಇರುವ ಪೈರೆಥ್ರಾಯ್ಡ್ ಗುಂಪಿನ ಔಷಧಿ ನಮಗಿಂತ ಮೀನಿಗೆ ಬಹಳ ಹೆಚ್ಚು ವಿಷ. ಏರ್ ಪಂಪು ಕೋಣೆಯ ಗಾಳಿಯನ್ನೇ ಎಳೆದು ನೀರಿನೊಳಗೆ ಬಿಡುವುದರಿಂದ ಔಷಧಿ ನೇರ ನೀರಿಗೆ ಸೇರುತ್ತದೆ. ಹೊಗೆಯ ಗಾಡಿ ಸದ್ದು ಕೇಳಿದ ಕೂಡಲೇ ಕಿಟಕಿ ಹಾಕಿ, ಏರ್ ಪಂಪ್ ಆರಿಸಿ, ಟ್ಯಾಂಕಿಗೆ ಗಾಜು ಮುಚ್ಚಿ, ಕ್ಯಾನಿಸ್ಟರ್ ಓಡುತ್ತಿರಲಿ. ಟ್ಯಾಂಕಿರುವ ಕೋಣೆಯಲ್ಲಿ ಲಿಕ್ವಿಡ್ ಹಾಕುವ ಬದಲು ಸೊಳ್ಳೆಪರದೆ ಕಟ್ಟಿ.

ಸೆಟ್ಟಿನೊಂದಿಗೆ ಮೀನು ಕೊಡುವಾಗ ಅಂಗಡಿಯವರು ಮಿಸ್ ಕೇರಳ ತೋರಿಸಿದರೆ ಒಂದು ಕ್ಷಣ ನಿಲ್ಲಿ. ಅದು ನಮ್ಮ ಪಶ್ಚಿಮಘಟ್ಟದ ತೊರೆಯ ಮೀನು, ಅಳಿವಿನಂಚಿನದು, ಹರಿಯುವ ತಂಪು ನೀರಿನಲ್ಲಿ ಬೆಳೆದದ್ದು. ಏಪ್ರಿಲ್‌ನಲ್ಲಿ ಮಂಗಳೂರಿನ ಟ್ಯಾಂಕಿನ ನೀರು 30 ಡಿಗ್ರಿ ಮುಟ್ಟುತ್ತದೆ. 25 ಡಿಗ್ರಿಯ ನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 30ರಲ್ಲಿ ಹಿಡಿಯುವುದು 7.6. ನೀರಿನ ಮೇಲೆ ಫ್ಯಾನು ಹಾಕಿ ತಂಪು ಮಾಡುವ ಉಪಾಯ ಒಣ ಹವೆಯ ಊರುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಇಲ್ಲಿನ ತೇವದ ಗಾಳಿಗೆ ನೀರು ಆರುವುದೇ ನಿಧಾನ, ಅದರ ಲಾಭವೂ ಅಷ್ಟಕ್ಕಷ್ಟೆ. ಸೆಕೆ ತಡೆಯುವ ಏಂಜಲ್ ಮೀನು ಆರು, ಜೊತೆಗೆ ತಳದಲ್ಲಿ ಓಡಾಡುವ ಕೋರಿಡೋರಸ್ ಮೀನುಗಳಲ್ಲಿ ಬಿಸಿ ತಡೆಯುವ ಸ್ಟರ್ಬೈ ಜಾತಿಯವು ಎಂಟು ಈ ಟ್ಯಾಂಕಿಗೆ ಸರಿಯಾದ ಸಂಸಾರ. ಗೋಲ್ಡ್‌ಫಿಶ್ಶಿಗೂ ಇಷ್ಟು ಬಿಸಿ ಒಗ್ಗುವುದಿಲ್ಲ. ಯಾವ ಮೀನಾದರೂ ಟ್ಯಾಂಕು ಕೂರಿಸಿದ ದಿನವೇ ಬಿಡುವಂತಿಲ್ಲ. ಅಮೋನಿಯಾ ಹಾಕಿ, ಅದನ್ನು ತಿನ್ನುವ ಬ್ಯಾಕ್ಟೀರಿಯಾ ಬೆಳೆಸಿ ಫಿಲ್ಟರ್ ಪಳಗಿಸಲು ನಾಲ್ಕರಿಂದ ಆರು ವಾರ ಬೇಕು. ಬೇರೆಯವರ ಹಳೆ ಫಿಲ್ಟರಿನ ಒಂದು ಸ್ಪಂಜು ಸಿಕ್ಕಿದರೆ ಬೇಗ ಆಗುತ್ತದೆ.

ಕೊನೆಗೆ ತಿಂಗಳ ಸರ್ವಿಸು. ಸೆಟ್ಟಿನೊಂದಿಗೆ ಮೂರು ತಿಂಗಳು ಫ್ರೀ ಎಂದು ಕೊಟ್ಟರೂ ಕೆಲಸಕ್ಕೆ ಬರುವ ಹುಡುಗರಿಗೆ ಮೊದಲೇ ಹೇಳಿಡಬೇಕಾದದ್ದು ಉಂಟು. ಪೂರ್ತಿ ನೀರು ತೆಗೆಯಬಾರದು, ಕಾಲು ಭಾಗ ಸಾಕು. ಹೊಯಿಗೆ ಎಲ್ಲ ತೆಗೆದು ತೊಳೆಯಬಾರದು. ಫಿಲ್ಟರಿನ ಸ್ಪಂಜನ್ನು ಬಾತ್‌ರೂಮಿಗೆ ಒಯ್ಯಬಾರದು. ಅವರು ಒಂದು ಮನೆಯಿಂದ ಇನ್ನೊಂದಕ್ಕೆ ತರುವ ಒದ್ದೆ ಬಲೆ, ಪೈಪಿನಲ್ಲೇ ಬಿಳಿಚುಕ್ಕಿ ರೋಗ ಬರುತ್ತದೆ. ಬಲೆ, ಪೈಪು, ಬಕೆಟ್ಟು ನಿಮ್ಮದೇ ಇರಲಿ. ಸೋಪು ತಾಗದ ಆ ಬಕೆಟ್ಟಿನ ಮೇಲೆ ‘ಮೀನಿಗೆ ಮಾತ್ರ’ ಎಂದು ಮಾರ್ಕರ್‌ನಲ್ಲಿ ದೊಡ್ಡದಾಗಿ ಬರೆದಿಡಿ, ಇಲ್ಲವಾದರೆ ನೆಲ ಒರೆಸುವ ಫಿನಾಯಿಲು ಒಂದು ದಿನ ಅದರಲ್ಲೇ ಕಲಸಿರುತ್ತದೆ.